ಹನ್ನೆರಡು ಮೈಲಿಯ ತೀರ್ಪು

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ಜಾತ್ರೆಗೆ ಹೋಗಿ ಬಂದವರಿಗೆ ಅಲ್ಲಿನ ವಾದಗಳ ರುಚಿ ಗೊತ್ತು. ಹೇಮಾವತಿಯ ದಂಡೆಯಲ್ಲಿ ಹಳ್ಳಿಕಾರ್ ಜೋಡಿಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಹಲ್ಲು ನೋಡುವವರು, ಸುಳಿ ನೋಡುವವರು, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವರು, ಯಾವುದನ್ನೂ ಕೊಳ್ಳದೆ ಎಲ್ಲಕ್ಕೂ ಬೆಲೆ ಕಟ್ಟುವವರು, ಹೀಗೆ ನಾನಾ ಬಗೆಯ ಜನ. ಗಾಡಿ ಓಟದ ಮಾತು ಬಂತೆಂದರೆ ಈ ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಯಾವ ಊರಿನ ಓಟದಲ್ಲಿ ಯಾವ ಜೋಡಿ ಗೆದ್ದಿತು ಎನ್ನುವಲ್ಲಿಗೆ ಮಾತು ಮುಗಿಯುವುದಿಲ್ಲ. ಗೆದ್ದದ್ದು ಎತ್ತೋ, ಹೊಡೆದವನೋ ಎಂಬಲ್ಲಿಂದ ಜಗಳ ಶುರುವಾಗುತ್ತದೆ. ಬಹಳ ವರ್ಷಗಳ ಹಿಂದೆ ಅಂಥದೊಂದು ಜಗಳವನ್ನು ನಿಂತು ಕೇಳುತ್ತಿದ್ದಾಗ, ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಎಲೆಯಡಿಕೆ ಮೆಲ್ಲುತ್ತಿದ್ದ ಮುದುಕನೊಬ್ಬ ತಲೆಯೆತ್ತದೆಯೇ, “ಎತ್ ಬದ್ಲಾಯ್ಸಿ ಓಡ್ಸಿ ನೋಡ್ರಪ್ಪಾ, ಗೊತ್ತಾಯ್ತದೆ” ಎಂದ. ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ಜಗಳ ಮುಂದುವರಿಯಿತು.

ಆ ಮುದುಕ ಹೇಳಿದ್ದನ್ನು ಇಂಗ್ಲೆಂಡಿನವರು 1958ರಲ್ಲಿ ಅಕ್ಷರಶಃ ಮಾಡಿದ್ದರು. ಅದೂ ಎತ್ತಿನ ಗಾಡಿಯಲ್ಲಲ್ಲ, ಮೋಟಾರು ಕಾರಿನಲ್ಲಿ. ಒಂದು ರಾಷ್ಟ್ರದ ಚಾಂಪಿಯನ್ ಯಾರೆಂಬುದನ್ನು ನಿಶ್ಚಯಿಸುವುದಕ್ಕಾಗಿ. ಆ ಪ್ರಸಂಗವನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ದೂರದ ದೇಶದ ಕಥೆಯಾದರೂ ಅದರ ಎಳೆಯೊಂದು ನಮ್ಮ ಕನ್ನಂಬಾಡಿಯ ದಾರಿಯವರೆಗೂ ಬಂದಿದೆ.

ಮೋಟಾರು ಪಂದ್ಯಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಪಂದ್ಯಕ್ಕೆಂದೇ ಹುಟ್ಟಿ ಪಂದ್ಯದಲ್ಲೇ ಸಾಯುವ ಒಂಟಿ ಸೀಟಿನ ಯಂತ್ರಗಳದ್ದು. ಅವುಗಳಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿಬರಲಾಗದು. ಇನ್ನೊಂದು, ಅಂಗಡಿಯಲ್ಲಿ ಹಣ ಕೊಟ್ಟರೆ ಯಾರಿಗಾದರೂ ಸಿಕ್ಕುವ, ಮೇಲೆ ಮುಚ್ಚಿಗೆಯೂ ಹಿಂದೆ ಸೀಟೂ ಇರುವ ಸಂಸಾರಸ್ಥರ ಕಾರುಗಳದ್ದು. ಅವುಗಳನ್ನೇ ಅಷ್ಟಿಷ್ಟು ಬಿಗಿಮಾಡಿ, ಹದಮಾಡಿ ಓಡಿಸುವುದಕ್ಕೆ ಟೂರಿಂಗ್ ಕಾರ್ ಪಂದ್ಯವೆಂದು ಹೆಸರು. ಆ ಕಾಲದ ಇಂಗ್ಲಿಷರು ಅದನ್ನು ಸಲೂನ್ ಕಾರ್ ಎನ್ನುತ್ತಿದ್ದರು. ನಮ್ಮಲ್ಲಿ ಸಲೂನ್ ಎಂದರೆ ಕ್ಷೌರದಂಗಡಿಯಾದ್ದರಿಂದ ನಾನು ಟೂರಿಂಗ್ ಎಂಬ ಮಾತನ್ನೇ ಬಳಸುತ್ತೇನೆ. ಅವರೂ 1987ರಲ್ಲಿ ಹೆಸರು ಬದಲಾಯಿಸಿಕೊಂಡು ಅದೇ ಮಾತಿಗೆ ಬಂದರು.

ಈ ಪಂದ್ಯದ ಸೊಗಸಿರುವುದು ನೋಡುವವನ ಮನಸ್ಸಿನಲ್ಲಿ. ಒಂಟಿ ಸೀಟಿನ ಯಂತ್ರವನ್ನು ನೋಡುವಾಗ ನಾವು ಬೆರಗಾಗುತ್ತೇವೆ, ಅಷ್ಟೆ. ನಮ್ಮ ಬೀದಿಯ ಡಾಕ್ಟರು ಓಡಿಸುವಂಥ ಕಾರು ತಿರುವಿನಲ್ಲಿ ಮೂರು ಚಕ್ರದ ಮೇಲೆ ವಾಲಿಕೊಂಡು ಬರುವುದನ್ನು ನೋಡಿದಾಗ ಮಾತ್ರ, ಸಂಭಾವಿತರೆಂದುಕೊಂಡಿದ್ದ ನೆಂಟರೊಬ್ಬರು ಇದ್ದಕ್ಕಿದ್ದಂತೆ ಗರಡಿಗೆ ಇಳಿದಂತಾಗುತ್ತದೆ.

1950ರ ದಶಕದ ಇಂಗ್ಲೆಂಡಿನಲ್ಲಿ ಇಂಥ ಓಟಗಳು ಅಲ್ಲಲ್ಲಿ ಬಿಡಿಬಿಡಿಯಾಗಿ ನಡೆಯುತ್ತಿದ್ದುವು. ದೊಡ್ಡ ಪಂದ್ಯಗಳ ನಡುವೆ ಪ್ರೇಕ್ಷಕರಿಗೆ ಉಪಾಹಾರದಂತೆ ಅವನ್ನು ಬಡಿಸುತ್ತಿದ್ದರು. ಬ್ರಿಟಿಷ್ ರೇಸಿಂಗ್ ಅಂಡ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು ಅವುಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ, ವರ್ಷವಿಡೀ ಅಂಕಗಳನ್ನು ಕೂಡಿಸಿ, ಕೊನೆಗೊಬ್ಬ ಚಾಂಪಿಯನ್ನನನ್ನು ಆರಿಸಬೇಕೆಂದು ನಿಶ್ಚಯಿಸಿದರು. 1958 ಅದರ ಮೊದಲನೆಯ ಋತು.

ಆದರೆ ಮೊದಲ ಹೆಜ್ಜೆಯಲ್ಲೇ ತೊಡಕು. ಪುಟ್ಟ ಆಸ್ಟಿನ್ ಕಾರನ್ನೂ ಜಾಗ್ವಾರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಅದು ಮೊಲಕ್ಕೂ ಚಿರತೆಗೂ ಪಂದ್ಯ ಕಟ್ಟಿದಂತೆ. ಅದಕ್ಕಾಗಿ ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಕಾರುಗಳನ್ನು ವರ್ಗ ಮಾಡಿದರು. ಎಲ್ಲರೂ ಒಟ್ಟಿಗೇ ಓಡುವುದು. ಅಂಕ ಮಾತ್ರ ಅವರವರ ವರ್ಗದಲ್ಲಿ ಎಷ್ಟನೆಯವರಾಗಿ ಬಂದರೆಂಬುದನ್ನು ನೋಡಿ ಕೊಡುವುದು. ಎಲ್ಲರಿಗಿಂತ ಮುಂದೆ ಬಂದ ಜಾಗ್ವಾರಿನವನಿಗೂ, ಅವನಿಗಿಂತ ಎಷ್ಟೋ ಹಿಂದೆ ಬಂದು ತನ್ನ ವರ್ಗದಲ್ಲಿ ಮೊದಲಿಗನಾದವನಿಗೂ ಒಂದೇ ಗೌರವ. ಇದು ನ್ಯಾಯವೇ ಎಂದು ಕೇಳಿದರೆ, ನಮ್ಮ ಶಾಲೆಗಳಲ್ಲಿ ಏಳನೆಯ ತರಗತಿಯ ಮೊದಲಿಗನನ್ನೂ ಹತ್ತನೆಯ ತರಗತಿಯ ಮೊದಲಿಗನನ್ನೂ ಒಂದೇ ವೇದಿಕೆಗೆ ಕರೆದು ಬಹುಮಾನ ಕೊಡುತ್ತೇವಲ್ಲ, ಅಷ್ಟು ನ್ಯಾಯ. ಇಬ್ಬರಲ್ಲಿ ಯಾರು ಹೆಚ್ಚು ಜಾಣ ಎಂದು ಯಾರೂ ಕೇಳದಿದ್ದರೆ ಆಯಿತು.

ಆ ವರ್ಷ ಆ ಪ್ರಶ್ನೆಯನ್ನೇ ಕೇಳಬೇಕಾಗಿ ಬಂತು.

ಜಾಕ್ ಸಿಯರ್ಸ್ ಎಂಬಾತ ನಾರ್ಫಕ್ ಸೀಮೆಯ ರೈತ. ರೈತನೆಂದರೆ ನಮ್ಮ ನಾಗಮಂಗಲದ ಬೆದ್ದಲು ನೆಚ್ಚಿದ ರೈತನಲ್ಲ, ಅನುಕೂಲವಂತ. ಅವನ ತಂದೆ ಹಳೆಯ ಮೋಟಾರುಗಳನ್ನು ಸಂಗ್ರಹಿಸುವುದರಲ್ಲಿ ಹೆಸರಾದವರು. ಆದರೂ ಹೊಲಗದ್ದೆಯ ಮನುಷ್ಯನೇ. ಅವನ ನಡವಳಿಕೆಗೆ ಮೆಚ್ಚಿ ಜನ ಅವನನ್ನು ‘ಜಂಟಲ್‌ಮನ್ ಜಾಕ್’ ಎಂದು ಕರೆಯುತ್ತಿದ್ದರು. ಅವನ ಕಾರು ಆಸ್ಟಿನ್ ಎ-105 ವೆಸ್ಟ್‌ಮಿನ್‌ಸ್ಟರ್. ಆರು ಸಿಲಿಂಡರಿನದು, 2639 ಸಿ.ಸಿ. ನೋಡುವುದಕ್ಕೆ ಬ್ಯಾಂಕಿನ ಮ್ಯಾನೇಜರನಂತಿದ್ದ ಗಾಡಿ.

ಎದುರಾಳಿ ಟಾಮಿ ಸಾಪ್‌ವಿತ್. ತಂದೆ ಸರ್ ಥಾಮಸ್ ಸಾಪ್‌ವಿತ್ ಮೊದಲ ಮಹಾಯುದ್ಧದಲ್ಲಿ ಜರ್ಮನರ ನಿದ್ದೆಗೆಡಿಸಿದ ‘ಕ್ಯಾಮೆಲ್’ ವಿಮಾನವನ್ನು ತಯಾರಿಸಿದ ಕಂಪೆನಿಯ ಒಡೆಯ. ಆ ಮೇಲೆ ಹಾಕರ್ ಸಿಡ್ಲಿ ಎಂಬ ಭಾರಿ ವಿಮಾನ ಸಂಸ್ಥೆಯ ಅಧ್ಯಕ್ಷ. ಮಗನಿಗೆ ಆಗ ಇಪ್ಪತ್ತೈದರ ಆಸುಪಾಸು. ‘ಎಕಿಪ್ ಎಂಡೆವರ್’ ಎಂಬ ಸ್ವಂತ ತಂಡವನ್ನೇ ಕಟ್ಟಿದ್ದ. ಅವನ ಕಾರು 3.4 ಲೀಟರಿನ ಜಾಗ್ವಾರ್. ಆಸ್ಟಿನ್ನಿಗೆ ಸುಮಾರು ನೂರು ಕುದುರೆಯ ಬಲವಾದರೆ ಇದಕ್ಕೆ ಇನ್ನೂರು ಮೀರಿದ ಬಲ.

ಇಬ್ಬರೂ ತಮ್ಮ ತಮ್ಮ ವರ್ಗಗಳಲ್ಲಿ ಗೆಲ್ಲುತ್ತ ಹೋದರು. ಎರಡು ಕಾರುಗಳೂ ಒಂದೇ ಓಟದಲ್ಲಿದ್ದರೂ ಇಬ್ಬರಿಗೂ ನಿಜವಾದ ಮುಖಾಮುಖಿಯಿಲ್ಲ. ಜಾಗ್ವಾರ್ ಮುಂದೆಲ್ಲೋ ಹೋಗಿಬಿಡುತ್ತಿತ್ತು, ಆಸ್ಟಿನ್ ತನ್ನ ಪಾಡಿಗೆ ತನ್ನ ವರ್ಗದವರನ್ನು ಹಿಂದೆ ಹಾಕುತ್ತಿತ್ತು. ಋತು ಮುಗಿದು, ನಿಯಮದಂತೆ ಕೆಟ್ಟ ಫಲಿತಾಂಶಗಳನ್ನು ಬಿಟ್ಟು ಉಳಿದುವನ್ನು ಕೂಡಿಸಿ ನೋಡಿದರೆ ಇಬ್ಬರ ಅಂಕವೂ ಸರಿಸಮ. ಮೊದಲನೆಯ ಚಾಂಪಿಯನ್‌ಷಿಪ್ಪಿಗೆ ಇಬ್ಬರು ಚಾಂಪಿಯನ್ನರು.

ನಾಣ್ಯ ಚಿಮ್ಮಿ ನಿರ್ಧರಿಸೋಣವೆಂಬ ಸಲಹೆ ಬಂತು. ಇಬ್ಬರು ಆಟಗಾರರಿಗೂ ಅದು ಸೇರಲಿಲ್ಲ. ವರ್ಷವೆಲ್ಲ ಪ್ರಾಣವನ್ನು ಒತ್ತೆಯಿಟ್ಟು ಓಡಿಸಿದವರಿಗೆ ಅಣೆಯೋ ರಾಣಿಯ ಮುಖವೋ ಎಂದು ಕೇಳಿ ಪಟ್ಟ ಕಟ್ಟಿದರೆ ಅದು ಪಟ್ಟವೇ?

ಅದೇ ವರ್ಷ ಇದಕ್ಕಿಂತ ದೊಡ್ಡ ಪಂದ್ಯದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಆ ವರ್ಷದ ವಿಶ್ವ ಚಾಂಪಿಯನ್ ಪದವಿಗೆ ಇಬ್ಬರು ಇಂಗ್ಲಿಷರೇ ಪೈಪೋಟಿಯಲ್ಲಿದ್ದರು: ಮೈಕ್ ಹಾಥಾರ್ನ್ ಮತ್ತು ಸ್ಟರ್ಲಿಂಗ್ ಮಾಸ್. ಪೋರ್ಚುಗಲ್ಲಿನ ಪಂದ್ಯದಲ್ಲಿ ಹಾಥಾರ್ನ್ ತಪ್ಪು ದಿಕ್ಕಿನಲ್ಲಿ ಕಾರು ನಡೆಸಿದನೆಂಬ ಆರೋಪ ಬಂದು, ಅವನ ಎರಡನೆಯ ಸ್ಥಾನವೇ ರದ್ದಾಗುವುದರಲ್ಲಿತ್ತು. ಆಗ ಅಧಿಕಾರಿಗಳ ಮುಂದೆ ನಿಂತು ಅವನ ಪರವಾಗಿ ಸಾಕ್ಷಿ ಹೇಳಿದವನು ಪ್ರತಿಸ್ಪರ್ಧಿ ಮಾಸ್! ಹಾಥಾರ್ನನ ಅಂಕ ಉಳಿಯಿತು. ವರ್ಷದ ಕೊನೆಯಲ್ಲಿ ಮಾಸ್ ನಾಲ್ಕು ಪಂದ್ಯ ಗೆದ್ದಿದ್ದ, ಹಾಥಾರ್ನ್ ಗೆದ್ದದ್ದು ಒಂದೇ; ಆದರೂ 42ಕ್ಕೆ 41ರಂತೆ ಒಂದೇ ಒಂದು ಅಂಕದಿಂದ ಹಾಥಾರ್ನ್ ಚಾಂಪಿಯನ್ ಆದ. ಪಾಪ, ಅವನಿಗೂ ಆ ಸುಖ ಬಹಳ ದಿನ ಉಳಿಯಲಿಲ್ಲ. 1959ರ ಜನವರಿಯಲ್ಲಿ, ಪಂದ್ಯದ ಕಣದಲ್ಲಲ್ಲ, ಸಾಧಾರಣ ರಸ್ತೆಯಲ್ಲಿ ಅವನ ಸ್ವಂತ ಕಾರು ಮರಕ್ಕೆ ಬಡಿದು ತೀರಿಹೋದ. ಆ ಕಾರೂ ಸಾಪ್‌ವಿತ್ತನದರಂತೆ 3.4 ಲೀಟರಿನ ಜಾಗ್ವಾರೇ.

ಇರಲಿ, ಮತ್ತೆ ನಮ್ಮ ಇಬ್ಬರಿಗೆ ಬರೋಣ. ನಾಣ್ಯ ಬೇಡವೆಂದಾದ ಮೇಲೆ, ಕಾರಿನ ಭೇದವನ್ನೇ ತೆಗೆದುಹಾಕಿ ಮನುಷ್ಯರನ್ನು ಮಾತ್ರ ಓಡಿಸೋಣವೆಂದು ತೀರ್ಮಾನವಾಯಿತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಪಂದ್ಯ ವಿಭಾಗದ ಮುಖ್ಯಸ್ಥರಾಗಿದ್ದ ಮಾರ್ಕಸ್ ಚೇಂಬರ್ಸ್ ಎರಡು ರೈಲಿ ಒನ್-ಪಾಯಿಂಟ್-ಫೈವ್ ಕಾರುಗಳನ್ನು ಕೊಟ್ಟರು. (ಇದು ಆ ಕಂಪೆನಿಯ ಕಾರಿನ ಹೆಸರು, ಹಳಿಯ ಮೇಲಿನ ರೈಲಿಗೂ ಇದಕ್ಕೂ ಸಂಬಂಧವಿಲ್ಲ.) ಎರಡೂ ಒಂದೇ ಅಚ್ಚಿನವು. ಕಣ, ಲಂಡನ್ನಿನಿಂದ ಇಪ್ಪತ್ತು ಮೈಲಿ ದೂರದ ಬ್ರಾಂಡ್ಸ್ ಹ್ಯಾಚ್. ಐದು ಸುತ್ತಿನ ಒಂದು ಓಟ. ಆಮೇಲೆ ಇಬ್ಬರೂ ಕಾರು ಬದಲಾಯಿಸಿಕೊಂಡು ಇನ್ನೈದು ಸುತ್ತಿನ ಮತ್ತೊಂದು. ಎರಡೂ ಓಟಗಳ ಕಾಲವನ್ನು ಕೂಡಿದರೆ ಯಾರದು ಕಡಮೆಯೋ ಅವನೇ ಚಾಂಪಿಯನ್. ಹೇಮಗಿರಿಯ ಮುದುಕನ ಸೂತ್ರವೇ ತಾನೆ?

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಸ್ಟಿನ್ನೂ ರೈಲಿಯೂ ಒಂದೇ ಕಾರ್ಪೊರೇಷನ್ನಿನ ಮಕ್ಕಳು. ಎಂದರೆ ಸಿಯರ್ಸನಿಗೆ ತನ್ನ ಮನೆತನದ ಗಾಡಿ. ಸಾಪ್‌ವಿತ್ತನಿಗೋ ಬೇರೆ ಮನೆಯದು, ಅದೂ ತಾನು ವರ್ಷವೆಲ್ಲ ಓಡಿಸಿದ್ದರ ಅರ್ಧದಷ್ಟೂ ದೊಡ್ಡದಲ್ಲದ ಎಂಜಿನ್ನಿನದು. ಬೇಡವೆನ್ನಲು ಅವನಿಗೆ ಕಾರಣವಿತ್ತು. ಆದರೂ ಬಂದು ಗೆರೆಯ ಮೇಲೆ ನಿಂತ. ಈ ಕಥೆಯಲ್ಲಿ ನನಗೆ ಗೆದ್ದವನಿಗಿಂತ ಸಾಪ್‌ವಿತ್ತನ ಮೇಲೆ ಒಂದು ತೂಕ ಹೆಚ್ಚು ಪ್ರೀತಿ.

ರೈಲಿಯ ಎಂಜಿನ್ನಿನ ವಿಷಯ ಬಂತಲ್ಲ, ನಮ್ಮ ಊರಿನ ಎಳೆ ಇರುವುದು ಇಲ್ಲಿಯೇ. ಆ ಎಂಜಿನ್ 1489 ಸಿ.ಸಿ.ಯದು, ನಾಲ್ಕು ಸಿಲಿಂಡರು, ಅದರ ವಂಶಕ್ಕೆ ‘ಬಿ-ಸೀರೀಸ್’ ಎಂದು ಹೆಸರು. ಇದೇ ಕಾರ್ಪೊರೇಷನ್ನಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಅಚ್ಚನ್ನು ಕೊಂಡುತಂದು ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್‌ನವರು ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ತಯಾರಿಸಿದ್ದೇ ಅಂಬಾಸಡರ್. ಮೊದಮೊದಲು ಅದರಲ್ಲಿ ಹಳೆಯ ಮಾದರಿಯ ಎಂಜಿನ್ ಇತ್ತು. 1959ರಿಂದ ಅದಕ್ಕೆ ಇದೇ 1489 ಸಿ.ಸಿ. ಬಿ-ಸೀರೀಸ್ ಎಂಜಿನ್ ಬಂತು; ಬಂದದ್ದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ರೈಲಿಗೆ ಎರಡು ಕಾರ್ಬುರೇಟರು, ಅಂಬಾಸಡರಿಗೆ ಒಂದು. ಅಲ್ಲಿ ಅರವತ್ತಕ್ಕೆ ಮಿಕ್ಕ ಕುದುರೆ, ಇಲ್ಲಿ ಸುಮಾರು ಐವತ್ತು. ಉಳಿದಂತೆ ಒಂದೇ ರಕ್ತ.

ನಮ್ಮ ಸೋದರಮಾವನ ಮನೆ ಪಾಂಡವಪುರದಲ್ಲಿತ್ತು. ಬೆಂಗಳೂರಿನಿಂದ ನೆಂಟರು ಬಂದರೆಂದರೆ ಸಾಯಂಕಾಲ ಅವರನ್ನು ಕೆ.ಆರ್.ಎಸ್.ಗೆ ಕರೆದುಕೊಂಡು ಹೋಗಿ ಬೃಂದಾವನದ ದೀಪ ತೋರಿಸಿಕೊಂಡು ಬರುವುದು ಆ ಕಾಲದಲ್ಲಿ ಒಂದು ಗೃಹಕೃತ್ಯ. 1960ರ ದಶಕದ ಕೊನೆಯ ಮಾತು. ಸ್ಟ್ಯಾಂಡಿನಿಂದ ಒಂದು ಅಂಬಾಸಡರ್ ಟ್ಯಾಕ್ಸಿ ಬರುತ್ತಿತ್ತು. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚಿನಂತಿತ್ತು. ಗೇರಿನ ಕೋಲು ಸ್ಟಿಯರಿಂಗಿನ ಪಕ್ಕದಲ್ಲಿ. ಆದ್ದರಿಂದ ಮುಂದೆ ಡ್ರೈವರನನ್ನು ಸೇರಿಸಿ ನಾಲ್ವರು, ಹಿಂದೆ ಆರು ಮಂದಿ, ತೊಡೆಯ ಮೇಲಿನ ಮಕ್ಕಳು ಲೆಕ್ಕಕ್ಕಿಲ್ಲ. ಕಿಟಕಿಯ ಪಕ್ಕದಲ್ಲಿ ಚಿತ್ರಾನ್ನದ ಡಬ್ಬಿ. ಈ ಭಾರವನ್ನೆಲ್ಲ ಹೊತ್ತ ಗಾಡಿ ಏರು ಸಿಕ್ಕಿದೆಡೆ ಎರಡನೆಯ ಗೇರಿನಲ್ಲಿ ನರಳುವಾಗ, ಇದರ ಅಣ್ಣತಮ್ಮಂದಿರು ಒಂದು ರಾಷ್ಟ್ರದ ಚಾಂಪಿಯನ್ ಯಾರೆಂದು ತೀರ್ಪು ಕೊಟ್ಟಿದ್ದರೆಂದು ಯಾರಾದರೂ ಹೇಳಿದ್ದರೆ ನಮ್ಮ ಮಾವ ನಂಬುತ್ತಿರಲಿಲ್ಲ. ಡ್ರೈವರ್ ನಂಬುತ್ತಿದ್ದನೋ ಏನೋ. ಅವನಿಗೆ ತನ್ನ ಗಾಡಿಯ ವಿಷಯದಲ್ಲಿ ಯಾವ ಹೊಗಳಿಕೆಯೂ ಅತಿಯೆನಿಸುತ್ತಿರಲಿಲ್ಲ.

ಇನ್ನು ಆ ದಿನದ ಓಟ. ಆಗಿನ ಬ್ರಾಂಡ್ಸ್ ಹ್ಯಾಚಿನ ಒಂದು ಸುತ್ತು 1.24 ಮೈಲಿ. ತಟ್ಟೆಯಂತೆ ತಗ್ಗಾದ ಜಾಗ. ದಿಬ್ಬದ ಮೇಲೆ ನಿಂತವರಿಗೆ ಇಡೀ ಕಣ ಕಾಣುತ್ತದೆ. ಹೊರಟ ಕೂಡಲೇ ಪ್ಯಾಡಕ್ ಹಿಲ್ ಎಂಬ ತಿರುವಿನಲ್ಲಿ ನೆಲವೇ ಕಾಲಕೆಳಗಿನಿಂದ ಜಾರಿದಂತೆ ರಸ್ತೆ ಇಳಿಯುತ್ತದೆ. ಮತ್ತೆ ಏರಿ ಡ್ರೂಯಿಡ್ಸ್ ಎಂಬಲ್ಲಿ ತಲೆಗೂದಲಿನ ಪಿನ್ನಿನಂತೆ ಹೊರಳುತ್ತದೆ. ಒಣಗಿದ್ದಾಗಲೇ ಎದೆ ನಡುಗಿಸುವ ದಾರಿ. ಅಂದು ಜಡಿಮಳೆ ಬೇರೆ. ಎರಡೇ ಕಾರು, ಖಾಲಿ ರಸ್ತೆ, ಕನ್ನಡಿಯ ಮೇಲಿನ ನೀರನ್ನು ಒರಸುವ ಕಡ್ಡಿ.

ಮೊದಲನೆಯ ಓಟದಲ್ಲಿ ಸಾಪ್‌ವಿತ್ 2.2 ಸೆಕೆಂಡಿನಿಂದ ಗೆದ್ದ. ಇಳಿದರು, ಕಾರು ಬದಲಾಯಿಸಿಕೊಂಡರು, ಮತ್ತೆ ಹೊರಟರು. ಎರಡನೆಯದರಲ್ಲಿ ಸಿಯರ್ಸ್ 3.8 ಸೆಕೆಂಡಿನಿಂದ ಗೆದ್ದ. ಕೂಡಿ ಕಳೆದರೆ ಸಿಯರ್ಸನಿಗೆ 1.6 ಸೆಕೆಂಡಿನ ಲಾಭ. ಅವನೇ ಬ್ರಿಟನ್ನಿನ ಮೊದಲನೆಯ ಟೂರಿಂಗ್ ಕಾರ್ ಚಾಂಪಿಯನ್.

ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ವಾಚಕರು ಒಂದು ತುಂಡು ಕಾಗದ ತೆಗೆದುಕೊಂಡು ಈ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ಮೊದಲ ಓಟದಲ್ಲಿ ಗೆದ್ದದ್ದು ಸಾಪ್‌ವಿತ್ ಕುಳಿತಿದ್ದ ಕಾರು. ಎರಡನೆಯ ಓಟದಲ್ಲಿ ಸಿಯರ್ಸ್ ಕುಳಿತದ್ದು ಯಾವುದರಲ್ಲಿ? ಸಾಪ್‌ವಿತ್ ಇಳಿದುಬಂದ ಅದೇ ಕಾರಿನಲ್ಲಿ! ಎಂದರೆ ಎರಡು ಸಲವೂ ಗೆದ್ದದ್ದು ಒಂದೇ ಗಾಡಿ. ಒಂದೇ ಅಚ್ಚಿನವೆಂದು ತಂದ ಎರಡು ಕಾರುಗಳು ಒಂದೇ ಆಗಿರಲಿಲ್ಲ. ಮಳೆ ಎರಡು ಸಲವೂ ಒಂದೇ ಬಗೆಯಾಗಿ ಸುರಿಯಿತೆಂದು ಇಟ್ಟುಕೊಂಡರೆ, ಒಳ್ಳೆಯ ಕಾರಿಗೂ ಸಾಧಾರಣ ಕಾರಿಗೂ ಐದು ಸುತ್ತಿಗೆ ಮೂರು ಸೆಕೆಂಡಿನ ಅಂತರ. ಒಳ್ಳೆಯ ಓಡಿಸುವವನಿಗೂ ಅವನಿಗಿಂತ ಕೂದಲೆಳೆ ಕಡಮೆಯಾದವನಿಗೂ ಇದ್ದ ಅಂತರ 0.8 ಸೆಕೆಂಡು ಮಾತ್ರ. ಅಂದು ಕಾರು ಬದಲಾಯಿಸದೆ ಒಂದೇ ಓಟದಲ್ಲಿ ಮುಗಿಸಿದ್ದರೆ ಸಾಪ್‌ವಿತ್ ಚಾಂಪಿಯನ್. ಎಲ್ಲರೂ, ಎರಡೂ ಒಂದೇ ತರಹದ ಕಾರು ತಾನೆ, ನ್ಯಾಯ ನಡೆಯಿತು ಎಂದು ತೃಪ್ತಿಯಿಂದ ಮನೆಗೆ ಹೋಗುತ್ತಿದ್ದರು.

ಗೆದ್ದದ್ದು ಎತ್ತೋ, ಹೊಡೆದವನೋ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ನನಗೆ ಸಿಕ್ಕಿಲ್ಲ: ಬಹುಪಾಲು ಎತ್ತು. ಹೊಡೆದವನ ಪಾಲನ್ನು ಕಾಣಬೇಕಾದರೆ ಎತ್ತು ಬದಲಾಯಿಸಲೇಬೇಕು.

ಅಳತೆಗಳೂ ತಮಾಷೆಯಾಗಿವೆ. ಗಂಟೆಗೆ 60 ಮೈಲಿ ವೇಗದ ಕಾರು 1.6 ಸೆಕೆಂಡಿನಲ್ಲಿ ಸುಮಾರು 140 ಅಡಿ ಹೋಗುತ್ತದೆ. ಕನ್ನಂಬಾಡಿ ಕಟ್ಟೆಯ ಎತ್ತರ 130 ಅಡಿ. ಹತ್ತು ಸುತ್ತು ಸೇರಿದರೆ ದೂರ 12.4 ಮೈಲಿ, ಮೈಸೂರಿನಿಂದ ಕೆ.ಆರ್.ಎಸ್.ಗೆ ಇರುವ ದೂರವೂ ಅಷ್ಟೆ, ಹನ್ನೆರಡು ಮೈಲಿ. ಮೈಸೂರಿನಿಂದ ಅದೇ ಎಂಜಿನ್ನಿನ ಅಂಬಾಸಡರಿನಲ್ಲಿ ಹೊರಟು ಕಾರಂಜಿಯ ಬಾಗಿಲಿಗೆ ಬರುವಷ್ಟು ದೂರದಲ್ಲಿ ಒಂದು ವರ್ಷದ ಲೆಕ್ಕವೆಲ್ಲ ಚುಕ್ತಾ ಆಯಿತು.

ಸಾಪ್‌ವಿತ್ ಆ ಋತುವಿಗೇ ಕಾರು ಪಂದ್ಯಕ್ಕೆ ಕೈಮುಗಿದು, ಓಡಿಸುವುದನ್ನು ಬಿಟ್ಟು ತಂಡ ನಡೆಸುವುದಕ್ಕೆ ನಿಂತ. ಆ ತಂಡದ ಕಾರುಗಳನ್ನು ಮುಂದೆ ಓಡಿಸಿದವರಲ್ಲಿ ಒಬ್ಬ ಯಾರೆಂದುಕೊಂಡಿರಿ? ಜಾಕ್ ಸಿಯರ್ಸ್. ಸೋತವನು ಗೆದ್ದವನನ್ನು ಕರೆದು ತನ್ನ ಗಾಡಿಯ ಕೀಲಿಕೈ ಕೊಟ್ಟ. ಆಮೇಲೆ ಸಾಪ್‌ವಿತ್ ಮೋಟಾರು ದೋಣಿಗಳ ಓಟಕ್ಕಿಳಿದು 1961ರಲ್ಲಿ ಕೌಸ್‌ನಿಂದ ಟಾರ್ಕಿವರೆಗಿನ ಮೊದಲ ಸಮುದ್ರ ಪಂದ್ಯವನ್ನು ಗೆದ್ದ. ಸಿಯರ್ಸ್ 1963ರಲ್ಲಿ ಇನ್ನೊಮ್ಮೆ ಚಾಂಪಿಯನ್ ಆದ. ಆ ವರ್ಷ ಅವನು ಓಡಿಸಿದ ಕಾರುಗಳಲ್ಲಿ ಏಳು ಲೀಟರಿನ ಅಮೆರಿಕದ ಫೋರ್ಡ್ ಗ್ಯಾಲಕ್ಸಿಯೂ ಒಂದು. 1964ರಲ್ಲಿ ಇಂಗ್ಲೆಂಡಿನ ಎಂ-1 ಹೆದ್ದಾರಿಯಲ್ಲಿ ನಸುಕಿಗೆ ಮುಂಚೆ ಒಂದು ಕೋಬ್ರಾ ಕಾರನ್ನು ಗಂಟೆಗೆ 185 ಮೈಲಿ ವೇಗದಲ್ಲಿ ಪರೀಕ್ಷಿಸಿ ನೋಡಿದವನೂ ಇವನೇ. ಅದು ಕಾನೂನಿಗೆ ವಿರೋಧವಾಗಿರಲಿಲ್ಲ, ಏಕೆಂದರೆ ಆಗ ಆ ರಸ್ತೆಗೆ ವೇಗದ ಮಿತಿಯೇ ಇರಲಿಲ್ಲ. ಪತ್ರಿಕೆಗಳಲ್ಲಿ ಗದ್ದಲವಾಯಿತು. 1965ರ ಡಿಸೆಂಬರಿನಲ್ಲಿ 70 ಮೈಲಿಯ ಮಿತಿ ಬಂದಾಗ, ಮಂಜಿನಲ್ಲಾದ ಅಪಘಾತಗಳು ಅದಕ್ಕೆ ಕಾರಣವಾಗಿದ್ದರೂ, ಜನ ಇವನ ಕಡೆಗೇ ಬೆರಳು ತೋರಿಸಿದರು. ಜಂಟಲ್‌ಮನ್ ಜಾಕ್ 2016ರಲ್ಲಿ, ಎಂಬತ್ತಾರು ತುಂಬಿದ ಮೇಲೆ, ತೀರಿಕೊಂಡ. ಸಾಪ್‌ವಿತ್ 2019ರಲ್ಲಿ.

ಕೆ.ಆರ್.ಎಸ್. ಅಂದೆನಲ್ಲ, ಆ ಕಟ್ಟೆಯ ಹಿಂದಿದ್ದ ಮನುಷ್ಯನಿಗೂ ಮೋಟಾರು ಕಾರಿಗೂ ಇದ್ದ ಸಂಬಂಧ ಎಲ್ಲರಿಗೂ ಗೊತ್ತಿರಲಾರದು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದರು. ಭಾರತದಲ್ಲೇ ಕಾರು ತಯಾರಿಸಬೇಕೆಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಜತೆಗೂಡಿದರು. ಮೈಸೂರು ಸರ್ಕಾರ ಬೆಂಬಲಕ್ಕೆ ನಿಲ್ಲಲು ಒಪ್ಪಿತು. ಆಗಿನ ಭಾರತ ಸರ್ಕಾರ ಒಪ್ಪಲಿಲ್ಲ. ಯುದ್ಧ ನಡೆಯುತ್ತಿರುವಾಗ ಕಾರಿನ ಮಾತೇಕೆ ಎಂಬುದು ಅವರ ಉತ್ತರ. ಕಾರು ಬರಬೇಕಾಗಿದ್ದ ಬೆಂಗಳೂರಿಗೆ 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು, ಮೈಸೂರು ಸರ್ಕಾರದ ಸಹಕಾರದಿಂದ, ವಿಮಾನ ಕಾರ್ಖಾನೆಯನ್ನು ತಂದರು. ಅದೇ ಇಂದಿನ ಎಚ್.ಎ.ಎಲ್. ವಾಲ್‌ಚಂದರ ಕಾರ್ಖಾನೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಹುಟ್ಟಿತು. ನಮ್ಮ ಎಚ್.ಎ.ಎಲ್. 1950ರ ದಶಕದ ಕೊನೆಯಲ್ಲಿ ನ್ಯಾಟ್ ವಿಮಾನ ಕಟ್ಟತೊಡಗಿದಾಗ, ಅದರ ಮೂಲ ತಯಾರಕರಾದ ಫೋಲಂಡ್ ಕಂಪೆನಿ 1959ರಲ್ಲಿ ಯಾರ ಕೈಸೇರಿತೆಂದರೆ, ಟಾಮಿ ಸಾಪ್‌ವಿತ್ತನ ತಂದೆ ಅಧ್ಯಕ್ಷರಾಗಿದ್ದ ಹಾಕರ್ ಸಿಡ್ಲಿಯ ಕೈಗೆ! ಲೋಕ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಹೀಗೆ ಸ್ವತಂತ್ರ ಭಾರತಕ್ಕೆ ದಕ್ಕಿದ್ದು ಮೂರೇ ಕಾರು ಎನ್ನಬಹುದು: ಉತ್ತರಪಾಡಾದ ಅಂಬಾಸಡರ್, ಮುಂಬಯಿಯ ಫಿಯಟ್, 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೊರಗಿನ ಕಾರಿಗೆ ಬಾಗಿಲು ಮುಚ್ಚಿತ್ತು. ಇಷ್ಟಾದರೂ ನಮ್ಮವರು ಪಂದ್ಯ ಬಿಡಲಿಲ್ಲ. ಮದರಾಸಿನ ಉತ್ತರಕ್ಕೆ, ಕಲ್ಕತ್ತ ರಸ್ತೆಯಲ್ಲಿ ಶೋಳಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯೊಂದು ಪಾಳುಬಿದ್ದಿತ್ತು. 1953ರಲ್ಲಿ ಹುಟ್ಟಿದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅದನ್ನೇ ಕಣ ಮಾಡಿಕೊಂಡರು. ಬೆಂಗಳೂರಿನ ಉತ್ಸಾಹಿಗಳೂ ಕಾರು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಗೊಂಡಲಿನ ಮಹಾರಾಜರಂಥವರು ವಿದೇಶದ ಪಂದ್ಯದ ಕಾರುಗಳನ್ನೇ ತಂದು ಇಳಿಸುತ್ತಿದ್ದರು. ಮುಂದೆ ವಿಜಯ ಮಲ್ಯ ಒಂದು ಎನ್‌ಸೈನ್ ಫಾರ್ಮುಲಾ ಕಾರನ್ನು ತಂದರು. ಜನ ಅವನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದರು, ನಿಜ. ಆದರೆ ಗಂಟಲು ಹರಿಯುವಂತೆ ಕೂಗುತ್ತಿದ್ದುದು ಫಿಯಟ್ಟು ಹೆರಾಲ್ಡುಗಳು ಭುಜಕ್ಕೆ ಭುಜ ತಾಗಿಸಿಕೊಂಡು ಬರುವಾಗ. ಊರಿನ ಗ್ಯಾರೇಜಿನಲ್ಲಿ ಹೆಡ್ಡನ್ನು ತೇಯ್ದು, ಸ್ಪ್ರಿಂಗ್ ಕತ್ತರಿಸಿ, ಎಲ್ಲಿಂದಲೋ ಇನ್ನೊಂದು ಕಾರ್ಬುರೇಟರನ್ನು ಹೊಂದಿಸಿ ತಂದ ಗಾಡಿಗಳವು. ಇಂಗ್ಲಿಷರು ಚೇಂಬರ್ಸರ ಕೈಕಾಲು ಹಿಡಿದು ತರಿಸಿಕೊಂಡ ಸಮಾನತೆ ನಮಗೆ ಲೈಸೆನ್ಸಿನ ಕಾಟದಿಂದ ತಾನಾಗಿಯೇ ಬಂದಿತ್ತು. ಎಲ್ಲರಲ್ಲೂ ಇದ್ದದ್ದು ಅದೇ ಹಳೆಯ ಎತ್ತು.

ಹಾಗೆಂದು ಅದು ನ್ಯಾಯವಾಗಿತ್ತೆಂದು ನಾನು ಹೇಳಲಾರೆ. ಬ್ರಾಂಡ್ಸ್ ಹ್ಯಾಚಿನ ಲೆಕ್ಕ ಅಡ್ಡ ಬರುತ್ತದೆ. ಒಂದೇ ಅಚ್ಚಿನ ಎರಡು ರೈಲಿಗಳ ನಡುವೆಯೇ ಮೂರು ಸೆಕೆಂಡು ಇದ್ದ ಮೇಲೆ, ಒಳ್ಳೆಯ ಮೆಕ್ಯಾನಿಕ್ ಇದ್ದವನ ಫಿಯಟ್ಟಿಗೂ ಇಲ್ಲದವನ ಫಿಯಟ್ಟಿಗೂ ಎಷ್ಟಿದ್ದಿರಬೇಕು! ಶೋಳಾವರದಲ್ಲಿ ಗೆದ್ದ ಎಷ್ಟೋ ಬಟ್ಟಲುಗಳು ನಿಜವಾಗಿ ಸೇರಬೇಕಾದದ್ದು ಎಣ್ಣೆ ಮೆತ್ತಿದ ಖಾಕಿ ಚಡ್ಡಿಯ ಹುಡುಗರಿಗೆ.

ಭಾರತದ ಮೋಟಾರು ಕ್ಲಬ್ಬುಗಳ ಒಕ್ಕೂಟ 1971ರಲ್ಲಿ ಆಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಹಳೆಯ ಮೂವರ ಸಂಸಾರವನ್ನು ಮುರಿಯಿತು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಕಣ ಬಂದಾಗ ಶೋಳಾವರಂ ಮತ್ತೆ ಪಾಳುಬಿತ್ತು. ಕರ್ನಾಟಕದವರು ಕಣಕ್ಕಿಂತ ದಾರಿಯನ್ನೇ ಹೆಚ್ಚು ನೆಚ್ಚಿದರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ 1970ರ ದಶಕದಿಂದ ಹೆಸರು ಪಡೆಯಿತು. ಇತ್ತೀಚಿನ ವರ್ಷಗಳಲ್ಲಿ, 2010ರ ಪೋಲೊ ಕಪ್ಪಿನಿಂದ ಮೊದಲುಗೊಂಡು, ಎಲ್ಲರಿಗೂ ಒಂದೇ ಮಾದರಿಯ ಕಾರು ಕೊಟ್ಟು ಓಡಿಸುವ ಪಂದ್ಯಗಳೂ ಬಂದುವು. ಒಂದೇ ಮಾದರಿಯ ಕಾರೆಂದ ಕೂಡಲೇ ನನ್ನ ಮನಸ್ಸು ಆ ಎರಡು ರೈಲಿಗಳ ಕಡೆಗೆ ಹೋಗುತ್ತದೆ.

ಅಂಬಾಸಡರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು.

ನಮ್ಮ ಪಾಂಡವಪುರದ ಟ್ಯಾಕ್ಸಿ ಕೆ.ಆರ್.ಎಸ್. ತಲಪುವ ಮೊದಲು ಒಮ್ಮೆಯಾದರೂ ನಿಲ್ಲಲೇಬೇಕಾಗಿತ್ತು. ಹತ್ತು ಜನರ ಭಾರಕ್ಕೆ ರೇಡಿಯೇಟರು ಕುದಿದು ಹೊಗೆಯಾಡುತ್ತಿತ್ತು. ಡ್ರೈವರ್ ನಮ್ಮನ್ನೆಲ್ಲ ಇಳಿಸಿ, ಡಿಕ್ಕಿಯಿಂದ ಡಬ್ಬ ತೆಗೆದು, ನಾಲೆಗೆ ಇಳಿಯುತ್ತಿದ್ದ. ಮೊದಲು ಇರ್ವಿನ್ ನಾಲೆ ಎನ್ನುತ್ತಿದ್ದರು. ಆಮೇಲೆ ಅದಕ್ಕೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಿಟ್ಟರು. ಅವನು ಆ ನೀರನ್ನು ತಂದು ಬಾನೆಟ್ಟಿನ ಬಳಿ ನಿಂತು, ಬಟ್ಟೆಯಲ್ಲಿ ಮುಚ್ಚಳ ಹಿಡಿದು ತಿರುವಿ, ಬುಸ್ಸೆಂದು ಎದ್ದ ಹಬೆಯಿಂದ ಮುಖ ಹಿಂದಕ್ಕೆಳೆದುಕೊಂಡು, ನಿಧಾನವಾಗಿ ಹೊಯ್ಯುತ್ತಿದ್ದ. ಅಷ್ಟರಲ್ಲಿ ಇನ್ನೊಂದು ಅಂಬಾಸಡರ್ ನಮ್ಮನ್ನು ದಾಟಿ ಹಾರನ್ ಹೊಡೆದುಕೊಂಡು ಹೋಗುವುದು. “ಅವ್ನ್ ಗಾಡಿ ಚೆನ್ನಾಗೈತೆ ಅಷ್ಟೆ, ಬುದ್ಧಿ” ಎಂದು ನಮ್ಮ ಮಾವನಿಗೆ ಹೇಳಿ, ಡ್ರೈವರ್ ಮುಚ್ಚಳ ಬಿಗಿಮಾಡಿ ಬಾನೆಟ್ಟನ್ನು ಧೊಪ್ಪನೆ ಹಾಕುತ್ತಿದ್ದ.